ಹೆಣದ ದಾರಿಗೆ ಅಡ್ಡಲಾದ ಮನೆ

ಪ್ರತಿ ಶನಿವಾರ ಸಂಜೆ ನಮ್ಮ ಆರ್ಡ್‌ವೆನ್ನಿಯ ದೊಡ್ಡಮನೆಯಲ್ಲಿ ಒಂದು ನಾಟಕ ನಡೆಯುತ್ತದೆ. ಅದಕ್ಕೆ ಟಿಕೆಟ್ ಬೇರೆ. ಹಜಾರದ ದೀಪ ಆರಿಸಿ ಮೇಣದಬತ್ತಿ ಹಚ್ಚುತ್ತಾರೆ, ಒಬ್ಬ ಬ್ಯಾಗ್‌ಪೈಪ್ ವಾದ್ಯ ಊದುತ್ತಾನೆ, ನಮ್ಮ ಊರಿನ ಗಂಡಸರೇ ಚೌಕುಳಿಯ ಕಿಲ್ಟ್ ಲಂಗ ಉಟ್ಟುಕೊಂಡು ಒಂದು ಶವಪೆಟ್ಟಿಗೆ ಹೊತ್ತು ಮುಂಬಾಗಿಲಿಂದ ಒಳಗೆ ಬರುತ್ತಾರೆ. ಹಜಾರದ ನಟ್ಟನಡುವೆ ಎರಡು ಮರದ ಸ್ಟ್ಯಾಂಡುಗಳ ಮೇಲೆ ಅದನ್ನು ಇಳಿಸುತ್ತಾರೆ. ಅತಿಥಿಗಳು ಉಸಿರು ಬಿಗಿಹಿಡಿದು ನೋಡುತ್ತಿರುವಾಗ ಮುಚ್ಚಳ ಕಿರ್ರೆಂದು ಮೇಲೇಳುತ್ತದೆ. ಇನ್ವರ್ನೆಸ್‌ನಿಂದ ಕರೆಸಿದ ಒಬ್ಬ ಹುಡುಗಿ ಹಸಿರು ಗೌನು ತೊಟ್ಟು ಒಳಗಿನಿಂದ ಎದ್ದು ಕೂರುತ್ತಾಳೆ. ಎಲ್ಲರೂ ಕಿಟಾರನೆ ಕಿರುಚಿ, ಆಮೇಲೆ ಚಪ್ಪಾಳೆ ತಟ್ಟಿ, ದೆವ್ವದ ಜೊತೆ ಫೋಟೋ ತೆಗೆಸಿಕೊಂಡು ಊಟಕ್ಕೆ ಹೋಗುತ್ತಾರೆ. ಇದು ಈ ಮನೆಯ ಪುರಾತನ ಐತಿಹ್ಯವಂತೆ! ಬಡ ಹಳ್ಳಿಗರು ಹಿಮದಲ್ಲಿ ಹೆಣ ಹೊತ್ತು ಬಂದರಂತೆ, ಕರುಣಾಳು ಜಮೀನ್ದಾರ ಒಳಗೆ ಕರೆದು ಬೆಂಕಿ ಕಾಯಿಸಿದನಂತೆ, ಸತ್ತವಳಿಗೆ ಆ ಉಪಕಾರ ಮರೆಯಲಾಗದೆ ಇವತ್ತಿಗೂ ಆ ಮನೆಯಲ್ಲೇ ಓಡಾಡುತ್ತಾಳಂತೆ.

ಕರುಣಾಳು! ಆ ಮಾತು ಕೇಳಿದರೆ ನನ್ನ ಮೈಯೆಲ್ಲ ಉರಿಯುತ್ತದೆ.

ನಾನು ಮುರ್ಡಿನಾ ಮ್ಯಾಕ್‌ಇವರ್. ಕಡಲ ದಂಡೆಯ ಕೆಳಕೇರಿಯಲ್ಲಿ ಹುಟ್ಟಿದವಳು, ಅಲ್ಲೇ ಕುರಿ ಕಟ್ಟಿಕೊಂಡು ಇರುವವಳು. ನಮ್ಮವರು ಮೊದಲು ದಂಡೆಯಲ್ಲಿ ಇದ್ದವರಲ್ಲ. ಮೇಲಿನ ಕಣಿವೆಯ ತುಂಬ ನಮ್ಮವರೇ ಇದ್ದರು, ಓಟ್ಸ್ ಬೆಳೆದುಕೊಂಡು, ದನ ಮೇಯಿಸಿಕೊಂಡು. ಜನರನ್ನು ಎಬ್ಬಿಸಿ ಕುರಿ ಬಿಟ್ಟರೆ ಹೆಚ್ಚು ಲಾಭ ಎಂದು ಯಾರೋ ಜಮೀನ್ದಾರ ಹೆಕ್ಟರನ ಕಿವಿಯೂದಿದರು. ಅಷ್ಟೇ ಸಾಕಾಯಿತು. ಮನೆಗಳ ಮಾಡಿಗೆ ಬೆಂಕಿ ಇಟ್ಟು, ಬಾಣಂತಿಯರು ಮುದುಕರು ಎನ್ನದೆ ಎಲ್ಲರನ್ನೂ ಕಡಲ ದಂಡೆಯ ಕಲ್ಲುನೆಲಕ್ಕೆ ಅಟ್ಟಿದ. ಆದರೆ ನಮ್ಮ ಸ್ಮಶಾನ ಕಣಿವೆಯ ತುದಿಯಲ್ಲೇ ಉಳಿಯಿತು. ಬದುಕಿದ್ದವರನ್ನು ಅಟ್ಟಿದ ಹಾಗೆ ಹೂತವರನ್ನು ಅಟ್ಟಲು ಅವನಿಂದ ಆಗಲಿಲ್ಲ. ಆಮೇಲೆ ನಮ್ಮಲ್ಲಿ ಯಾರು ಸತ್ತರೂ ದಂಡೆಯಿಂದ ಹೆಗಲ ಮೇಲೆ ಹೊತ್ತು, ಹಳೆಯ ಹೆಣದ ದಾರಿ ಹಿಡಿದು ಕಣಿವೆ ಹತ್ತಬೇಕಾಯಿತು. ಆ ಪುಣ್ಯಾತ್ಮ ಮಾಡಿದ್ದೇನು ಗೊತ್ತೇ? ಸರೋವರ ಚೆನ್ನಾಗಿ ಕಾಣುತ್ತದೆಂದು ಆ ದಾರಿಯ ಮೇಲೆಯೇ ತನ್ನ ಹೊಸ ಮನೆ ಕಟ್ಟಿಸಿದ.

ಮನೆ ಎದ್ದ ಚಳಿಗಾಲದಲ್ಲೇ ಮೊದಲ ಹೆಣ ಬಂತು. ಒಬ್ಬ ಮುದುಕಿ, ತನ್ನ ಮಾಡು ಉರಿದದ್ದನ್ನು ಕಣ್ಣಾರೆ ಕಂಡವಳು. ದಾರಿ ಹೋಗಿ ಗೋಡೆಗೆ ಮುಟ್ಟಿತು. ಸುತ್ತಿಕೊಂಡು ಹೋಗಿ ಎಂದ ಜಮೀನ್ದಾರ. ನಮ್ಮವರು ಹೋಗಲಿಲ್ಲ. ಹೆಗಲಿಗೇರಿದ ಹೆಣ ಹಿಂದಕ್ಕೆ ತಿರುಗುವಂತಿಲ್ಲ, ತನ್ನ ದಾರಿ ಬಿಟ್ಟು ಸರಿಯುವಂತಿಲ್ಲ, ಅದು ನಮ್ಮಲ್ಲಿನ ಕಟ್ಟಳೆ. ಹಿಮ ಸುರಿಯುತ್ತಿತ್ತು. ಒಬ್ಬರು ಸೋತರೆ ಇನ್ನೊಬ್ಬರು ಹೆಗಲು ಕೊಡುತ್ತ, ಪೆಟ್ಟಿಗೆಯನ್ನು ನೆಲಕ್ಕೆ ಮುಟ್ಟಿಸದೆ ಗೋಡೆಯೆದುರು ನಿಂತೇ ಇದ್ದರು. ಕೊನೆಗೆ ಕಿಟಕಿಯಿಂದ ನೋಡುತ್ತಿದ್ದ ಜಮೀನ್ದಾರನ ಹೆಂಡತಿಗೇ ತಡೆಯಲಾಗಲಿಲ್ಲ. ಅವಳು ಕೆಳಗಿಳಿದು ಬಂದು ಮುಂಬಾಗಿಲು ತೆಗೆಸಿದಳು, ತೋಟದ ಕಡೆಯ ಹಿಂಬಾಗಿಲನ್ನೂ ತೆಗೆಸಿದಳು. ನಮ್ಮವರು ಹಜಾರದ ಮೂಲಕ ಮುದುಕಿಯನ್ನು ನೇರವಾಗಿ ಆಚೆಗೆ ದಾಟಿಸಿಕೊಂಡು ಹೋದರು.

ಅಂದಿನಿಂದ ಅದೇ ಪದ್ಧತಿ. ಎಷ್ಟು ಜಮೀನ್ದಾರರು ಬದಲಾದರೂ, ನಮ್ಮ ಹೆಣ ಬಂತೆಂದರೆ ದೊಡ್ಡಮನೆಯ ಎರಡು ಬಾಗಿಲೂ ತೆರೆಯುತ್ತಿದ್ದವು. ಒಂದೇ ಒಂದು ನಿಯಮ: ಒಳಗೆ ಪೆಟ್ಟಿಗೆ ಇಳಿಸಬಾರದು. ಇಳಿಸಿದರೆ ಸತ್ತವರು ಆ ಮನೆಯ ಸೊತ್ತಾಗುತ್ತಾರೆ, ಸತ್ತ ಮೇಲೂ ಅಲ್ಲೇ ಚಾಕರಿ ಮಾಡಿಕೊಂಡು ಬಿದ್ದಿರಬೇಕಾಗುತ್ತದೆ ಎಂದು ಹಿರಿಯರು ಹೇಳುತ್ತಿದ್ದರು. ನಂಬುವವರು ನಂಬಲಿ, ಬಿಡುವವರು ಬಿಡಲಿ. ಇಳಿಸಿದವರಂತೂ ಯಾರೂ ಇಲ್ಲ.

ಈಗ ಹೇಳಿ, ಆ ನಾಟಕದಲ್ಲಿ ಮೊದಲು ಮಾಡುವುದೇ ಪೆಟ್ಟಿಗೆ ಇಳಿಸುವುದು! ಅದಕ್ಕೇ ಎಂದು ಸ್ಟ್ಯಾಂಡು ಮಾಡಿಸಿಟ್ಟಿದ್ದಾರೆ, ಕಪ್ಪು ಮಖಮಲ್ಲು ಹೊದಿಸಿ.

ನನ್ನನ್ನು ಸಾಕಿದವಳು ಡೊಲಿನಾ ಚಿಕ್ಕಮ್ಮ, ನನ್ನಮ್ಮನ ತಂಗಿ. ಹುಡುಗಿಯಾಗಿದ್ದಾಗಿನಿಂದ ಕೈಗೆ ಸಂಧಿವಾತ ಹಿಡಿಯುವವರೆಗೂ ದೊಡ್ಡಮನೆಯಲ್ಲಿ ಬಟ್ಟೆ ಒಗೆದಳು, ಇಸ್ತ್ರಿ ಹಾಕಿದಳು, ಹಿತ್ತಾಳೆ ಉಜ್ಜಿದಳು. ಕೆಲಸದವರು ಒಳಗೆ ಹೋಗುತ್ತಿದ್ದದ್ದು ಅಡುಗೆಮನೆಯ ಬದಿಯ ಸಣ್ಣ ಬಾಗಿಲಿಂದ, ಕಸದ ಡಬ್ಬಿಗಳ ಪಕ್ಕದಲ್ಲಿ. ಮುಂಬಾಗಿಲು ಅವರಿಗಲ್ಲ. ಕಳೆದ ಚಳಿಗಾಲದಲ್ಲಿ ಹಾಸಿಗೆ ಹಿಡಿದಳಲ್ಲ, ಆಗ ಒಂದು ಮಧ್ಯಾಹ್ನ ಸೂಪು ಕುಡಿಸುತ್ತಿದ್ದ ನನ್ನ ಕೈ ಹಿಡಿದುಕೊಂಡಳು.

"ಲೇ ಮುರ್ಡಿನಾ, ನನ್ನನ್ನ ಮುಂಬಾಗಿಲಿಂದಾನೇ ತಗೊಂಡ್ ಹೋಗ್ಬೇಕು ಕಣೆ."

"ಆಯ್ತು ಚಿಕ್ಕಮ್ಮ, ಮೊದ್ಲು ಸೂಪು ಕುಡಿ."

"ಆಯ್ತು ಅಂತ ಸುಮ್ನೆ ಗೋಣಾಡಿಸ್ಬೇಡ, ಮಾತು ಕೊಡು. ಆ ಬಾಗಿಲಿನ ಹಿಡಿ ಉಜ್ಜಿ ಉಜ್ಜಿ ನನ್ನ ಉಗುರೆಲ್ಲ ಸವೀತು. ಒಂದಿನಾನೂ ಅದನ್ನ ದಾಟಿ ಒಳಗೆ ಹೋಗ್ಲಿಲ್ಲ. ಬದುಕಿರೋವಾಗ ಆಗ್ಲಿಲ್ಲ, ಸತ್ತ ಮೇಲಾದ್ರೂ ರಾಣಿ ಥರ ಹೋಗ್ತೀನಿ."

"ಯಾವ ರಾಣಿ ಕಾಲು ಮುಂದೆ ಮಾಡ್ಕೊಂಡು ಹೋಗ್ತಾಳೆ ಚಿಕ್ಕಮ್ಮ?"

"ನಿನ್ ಬಾಯಿಗಿಷ್ಟು ಬೆಂಕಿ ಹಾಕ!" ಎಂದು ನಕ್ಕಳು. ನಗುತ್ತ ಕೆಮ್ಮು ಹತ್ತಿತು. ಕೆಮ್ಮು ನಿಂತ ಮೇಲೂ ಕೈ ಬಿಡಲಿಲ್ಲ. ನಾನು ಮಾತು ಕೊಟ್ಟೆ.

ಮಾರ್ಚ್ ತಿಂಗಳಲ್ಲಿ ಹೋಗಿಬಿಟ್ಟಳು. ಕಣ್ಣೊರೆಸಿಕೊಂಡು ನಾನು ನೇರ ದೊಡ್ಡಮನೆಗೆ ನಡೆದೆ. ಅದೀಗ ಹೋಟೆಲು. ಜಮೀನ್ದಾರನ ವಂಶ ಮುಗಿದು, ಮನೆ ಕೈಯಿಂದ ಕೈಗೆ ಹೋಗಿ, ದಕ್ಷಿಣದ ಹೆಸ್ಕೆತ್ ಎಂಬ ಸಾಹುಕಾರನ ಪಾಲಾಗಿದೆ. ಅವನ ಮ್ಯಾನೇಜರು ಲಾಖ್ಲನ್, ನಮ್ಮ ಕೇರಿಯವನೇ, ನನ್ನ ಕಣ್ಣೆದುರು ಮೂಗಲ್ಲಿ ಸಿಂಬಳ ಸುರಿಸಿಕೊಂಡು ಬೆಳೆದವನು. ಈಗ ಟೈ ಕಟ್ಟುತ್ತಾನೆ. ಸಂಗತಿ ಹೇಳಿದೆ, ಗುರುವಾರ ಮಧ್ಯಾಹ್ನ ಬರುತ್ತೇವೆ ಎಂದೆ. ಅವನು ಮೇಜಿನ ಮೇಲಿನ ಪೆನ್ನು ಆ ಕಡೆ ಈ ಕಡೆ ಸರಿಸಿದ.

"ಅಕ್ಕ, ಈಗ ಅದೆಲ್ಲ ಆಗಲ್ಲ."

"ಯಾವುದೆಲ್ಲ?"

"ಹಜಾರದಲ್ಲಿ ಹೆಣ... ಅಂದ್ರೆ, ಪೆಟ್ಟಿಗೆ ತರೋದು. ಹಿಂಬಾಗಿಲ ಕಡೆ ಗಾಜಿನ ಊಟದ ಕೋಣೆ ಕಟ್ಟಿಸಿದಾರಲ್ಲ, ಆ ಹೊತ್ತಲ್ಲಿ ಗಿರಾಕಿಗಳು ಕೂತಿರ್ತಾರೆ. ಸಾಹೇಬ್ರು ಒಪ್ಪಲ್ಲ. ಪಕ್ಕದಲ್ಲಿ ಒಂದು ದಾರಿ ಇದೆ, ಅಗಲವಾಗಿದೆ, ಕಲ್ಲು ಹಾಸಿದೆ."

"ಯಾವ ಪಕ್ಕ?"

ಅವನು ಮತ್ತೆ ಪೆನ್ನಿಗೆ ಕೈ ಹಾಕಿದ. ನನಗೆ ಗೊತ್ತಾಯಿತು. "ಕಸದ ಡಬ್ಬಿಗಳ ಪಕ್ಕ. ಅಲ್ವೇನೋ?"

"ಡಬ್ಬಿಗಳನ್ನ ಅವತ್ತು ತೆಗೆಸ್ತೀನಿ ಅಕ್ಕ."

"ಅಯ್ಯೋ, ಎಂಥ ದೊಡ್ಡ ಮನಸ್ಸಪ್ಪ ನಿಂದು! ಜೀವ ಇರೋ ತನಕ ಅಲ್ಲೇ ಓಡಾಡಿದ್ಳು ಅವಳು, ಸತ್ತ ಮೇಲೂ ಅಲ್ಲೇ ಹೋಗ್ಲಿ ಅಂತೀಯ. ನಿಮ್ಮಮ್ಮ ಎಲ್ಲಿಂದ ಹೋದ್ಳು ಲಾಖ್ಲನ್? ಹೇಳು, ಎಲ್ಲಿಂದ ಹೋದ್ಳು?"

"ಅಕ್ಕ, ಮೆತ್ತಗೆ ಮಾತಾಡು, ಜನ ಇದಾರೆ."

"ಇರ್ಲಿ ಬಿಡೋ, ಕೇಳ್ಲಿ. ಶನಿವಾರ ಶನಿವಾರ ಒಂದು ಸುಳ್ಳು ಹೆಣ ಹೊರಿಸ್ಕೊಂಡು ಒಳಗೆ ಕರೀತೀರ, ನಿಜವಾದ ಹೆಣ ಬಂದ್ರೆ ಬಾಗಿಲು ಹಾಕ್ತೀರ. ನಾಚ್ಕೆ ಆಗಲ್ವಾ ನಿಂಗೆ?"

ನಾಚಿಕೆ ಆಗುತ್ತಿತ್ತು, ಮುಖ ನೋಡಿದರೇ ತಿಳಿಯುತ್ತಿತ್ತು. ಆದರೆ ಅವನ ಬಾಯಿಂದ ಹೂಂ ಎಂಬ ಮಾತು ಬರಲಿಲ್ಲ. ಹೆಸ್ಕೆತ್ ಸಾಹೇಬರನ್ನೇ ಕೇಳು ಎಂದು ಒಳಗೆ ಕಳಿಸಿದ.

ಹೆಸ್ಕೆತ್ ಕೆಟ್ಟವನೆಂದು ಯಾರೂ ಹೇಳುವುದಿಲ್ಲ, ಅದೇ ನನ್ನ ಕರ್ಮ. ಎದ್ದು ನಿಂತು ಕೈ ಕುಲುಕಿದ, ಕುರ್ಚಿ ಎಳೆದುಕೊಟ್ಟ, ಟೀ ತರಿಸಿದ, ನಿಮ್ಮ ದುಃಖದಲ್ಲಿ ನಾನೂ ಭಾಗಿ ಎಂದ. ಅವನ ಮಾತು ಎಷ್ಟು ನುಣುಪೆಂದರೆ ಜಗಳಕ್ಕೆ ಹಿಡಿತವೇ ಸಿಗುವುದಿಲ್ಲ.

"ನಿಮ್ಮ ಸಂಪ್ರದಾಯಗಳ ಮೇಲೆ ನನಗೆ ಅಪಾರ ಗೌರವ ಇದೆ ಮಿಸ್ ಮ್ಯಾಕ್‌ಇವರ್. ಅದಕ್ಕೇ ತಾನೆ ಶನಿವಾರದ ಕಾರ್ಯಕ್ರಮ ಶುರು ಮಾಡಿದ್ದು. ನಾನಿಲ್ದಿದ್ರೆ ಈ ಪದ್ಧತಿ ಸತ್ತೇ ಹೋಗ್ತಿತ್ತು."

"ಪದ್ಧತಿ ಸತ್ತಿಲ್ಲ ಸ್ವಾಮಿ, ನಮ್ಮ ಚಿಕ್ಕಮ್ಮ ಸತ್ತಿರೋದು. ಅವಳನ್ನ ದಾಟಿಸ್ಬೇಕು, ಅಷ್ಟೇ."

"ಅರ್ಥ ಆಗುತ್ತೆ. ಆದ್ರೆ ನೋಡಿ, ಜನ ಇಲ್ಲಿಗೆ ಬರೋದು ಮನಸ್ಸು ಹಗುರ ಮಾಡ್ಕೊಳ್ಳೋಕೆ. ಊಟದ ಹೊತ್ತಲ್ಲಿ ನಿಜವಾದ ಸಾವು ಎದುರಿಗೆ ಬಂದ್ರೆ ಅವರಿಗೆ ಕಸಿವಿಸಿ ಆಗುತ್ತೆ."

"ನಮಗೂ ಸಾವಿಂದ ಕಸಿವಿಸಿನೇ ಆಗೋದು. ನಾವೇನು ಹಬ್ಬ ಮಾಡ್ತೀವಾ?"

ಅವನು ತಲೆ ಓರೆ ಮಾಡಿ, ಪಾಪ ಎಂಬಂತೆ ನನ್ನನ್ನು ನೋಡಿದ. "ನಾನೊಂದು ಮಾಡ್ತೀನಿ. ಈ ಶನಿವಾರದ ಕಾರ್ಯಕ್ರಮವನ್ನ ನಿಮ್ಮ ಚಿಕ್ಕಮ್ಮನ ನೆನಪಿಗೆ ಅರ್ಪಿಸ್ತೀನಿ. ಶುರುವಿನಲ್ಲೇ ಅವರ ಹೆಸರು ಹೇಳಿಸ್ತೀನಿ."

ಟೀ ಮುಟ್ಟದೆ ಎದ್ದು ಬಂದೆ. ಹಸಿರು ಗೌನಿನ ಹುಡುಗಿ ಪೆಟ್ಟಿಗೆಯಿಂದ ಎದ್ದು ಕೂರುವುದನ್ನು ನನ್ನ ಚಿಕ್ಕಮ್ಮನಿಗೆ ಅರ್ಪಿಸುತ್ತಾನಂತೆ! ದಾರಿಯುದ್ದಕ್ಕೂ ನನಗೆ ನಾನೇ ಬೈದುಕೊಳ್ಳುತ್ತ ಬಂದೆ, ಆ ಟೀಯನ್ನು ಅವನ ಕಾರ್ಪೆಟ್ಟಿನ ಮೇಲಾದರೂ ಚೆಲ್ಲಿ ಬರಬೇಕಿತ್ತು.

ಸಂಜೆ ಹೆಣದ ಮುಂದೆ ಕೂತಿದ್ದಾಗ ಕೇರಿಯವರ ನಡುವೆ ಮಾತು ಬಂತು. ಒಬ್ಬ ಹೇಳಿದ, ಶನಿವಾರದ ತನಕ ಕಾದು, ಅವರ ಸುಳ್ಳು ಪೆಟ್ಟಿಗೆಯ ಬದಲು ನಮ್ಮದನ್ನೇ ಹೊತ್ತುಬಿಡೋಣ, ಹೊರುವವರು ನಾವೇ ತಾನೆ, ಯಾರಿಗೆ ಗೊತ್ತಾಗುತ್ತದೆ ಎಂದು. ಕೆಲವರು ನಕ್ಕರು. ನನಗೆ ನಗು ಬರಲಿಲ್ಲ.

"ಕದ್ದು ಹೋಗೋಕೆ ಅವಳೇನು ಚಮಚ ಕದ್ದಿದ್ಳಾ?" ಎಂದೆ. "ಹಾಡುಹಗಲಲ್ಲಿ ಹೋಗ್ತಾಳೆ. ಯಾರಿಗೆ ಇಷ್ಟ ಇಲ್ವೋ ಅವರು ಮನೇಲಿರ್ಲಿ."

ಮುದುಕ ಫಾರ್ಕರ್ ಮೂಲೆಯಿಂದ ಕೆಮ್ಮಿದ. ಅವನು ಕಣಿವೆಯ ಹಳೇ ಕುರಿಗಾಹಿ, ನಮ್ಮ ಕೇರಿಯ ಪ್ರತಿ ಹೆಣಕ್ಕೂ ಹೆಗಲು ಕೊಟ್ಟವನು. "ನಾನು ಬರ್ತೀನಿ ಕಣವ್ವ. ಬಾಗಿಲು ಹಾಕಿದ್ರೆ ಅಲ್ಲೇ ನಿಲ್ಲೋಣ. ನಮ್ಮವರು ನಿಂತು ಗೊತ್ತಿರೋರೇ."

ಗುರುವಾರ ಬಂತು. ಪಾದ್ರಿ ಮನೆಯಂಗಳದಲ್ಲಿ ಪ್ರಾರ್ಥನೆ ಮುಗಿಸಿ ಸ್ಮಶಾನದಲ್ಲಿ ಸಿಗುತ್ತೇನೆಂದು ಕಾರು ಹತ್ತಿದ. ದೊಡ್ಡಮನೆಯವರು ಅವನ ಚರ್ಚಿನ ಮಾಡಿಗೆ ಹಣ ಕೊಟ್ಟಿದ್ದರು, ಪಾಪ, ಅವನಾದರೂ ಏನು ಮಾಡಿಯಾನು. ನಾವು ಪೆಟ್ಟಿಗೆ ಎತ್ತಿದೆವು. ಗಾಳಿ ಕಡಲಿಂದ ಬೀಸುತ್ತಿತ್ತು, ಮಳೆ ಬರುತ್ತಿರಲಿಲ್ಲ. ನಾನು ಮುಂದೆ ನಡೆದೆ. ಹಿಂದೆ ಹೊತ್ತವರು, ಅವರ ಹಿಂದೆ ಸರದಿ ಕಾಯುವವರು. ದಾರಿಯಲ್ಲಿ ಹೆಗಲು ಬದಲಿಸುತ್ತ ದೊಡ್ಡಮನೆಯ ಅಂಗಳಕ್ಕೆ ಬಂದೆವು. ಹಗಲು ಹೊತ್ತು, ಹೋಟೆಲು ತಾನೆ, ಮುಂಬಾಗಿಲು ಹಾರು ಹೊಡೆದಿತ್ತು. ಅದರ ಹಿತ್ತಾಳೆ ಹಿಡಿ ಮಬ್ಬಾಗಿತ್ತು. ಈಗಿನವರು ಉಜ್ಜುವುದಿಲ್ಲ. ನಾನು ಹೊಸ್ತಿಲು ದಾಟಿದೆ, ಡೊಲಿನಾ ಚಿಕ್ಕಮ್ಮ ನನ್ನ ಹಿಂದೆ ದಾಟಿದಳು.

ಸ್ವಾಗತದ ಮೇಜಿನ ಹುಡುಗಿ "ಓ, ಇವತ್ತು ಶನಿವಾರ ಅಲ್ವಲ್ಲ" ಎಂದಳು. ಆಮೇಲೆ ನಮ್ಮ ಮುಖಗಳನ್ನು ನೋಡಿ ಬಾಯಿಗೆ ಕೈ ಅಡ್ಡ ಹಿಡಿದಳು.

ಹಜಾರದ ಆ ತುದಿಯ ಬಾಗಿಲು, ಹಿಂದೆ ತೋಟಕ್ಕೆ ಹೋಗುತ್ತಿದ್ದದ್ದು, ಈಗ ಗಾಜಿನ ಕೋಣೆಗೆ ಹೋಗುವುದು, ಅದು ಮುಚ್ಚಿತ್ತು. ಬೀಗ ಹಾಕಿತ್ತು. ಅದರ ಮುಂದೆ ಲಾಖ್ಲನ್ ನಿಂತಿದ್ದ. ನಾವು ಅವನ ತನಕ ಹೋಗಿ ನಿಂತೆವು.

"ಬಾಗಿಲು ತೆಗೆಯೋ."

"ಅಕ್ಕ, ದಯವಿಟ್ಟು ಹಿಂದಕ್ಕೆ ಹೋಗಿ."

"ಹಿಂದಕ್ಕೆ? ಕೇಳ್ದೆಯಾ ಫಾರ್ಕರ್? ಹಿಂದಕ್ಕೆ ಹೋಗ್ಬೇಕಂತೆ. ಕೆಳಕೇರಿಯಲ್ಲಿ ಹುಟ್ಟಿದೋನು ಹೇಳ್ತಾ ಇರೋ ಮಾತು ಇದು."

ಫಾರ್ಕರ್ ಹೆಗಲ ಭಾರದಡಿಯಿಂದ ಲಾಖ್ಲನ್‌ನನ್ನು ನೋಡಿದ. "ಅವನು ಹುಟ್ಟಿದಾಗ ಸರಿಯಾಗೇ ಇದ್ದ. ಟೈ ಬಿಗಿಯಾಗಿ ರಕ್ತ ತಲೆಗೆ ಹೋಗ್ತಿಲ್ಲ, ಅಷ್ಟೇ."

ನಮ್ಮಲ್ಲಿ ಯಾರೋ ನಕ್ಕರು. ಅಷ್ಟರಲ್ಲಿ ಹೆಸ್ಕೆತ್ ಮೆಟ್ಟಿಲಿಳಿದು ಬಂದ. ಅವನು ಕಿರುಚಾಡಿದ್ದರೆ ನನಗೆ ಎಷ್ಟೋ ಸಲೀಸಾಗುತ್ತಿತ್ತು. ಅವನು ಕಿರುಚಲಿಲ್ಲ. ಇದು ಖಾಸಗಿ ಜಾಗ, ನೀವು ಹೀಗೆ ನುಗ್ಗುವಂತಿಲ್ಲ, ಆದರೂ ನಾನು ಪೊಲೀಸರನ್ನು ಕರೆಯುವುದಿಲ್ಲ, ಬಂದ ದಾರಿಯಲ್ಲೇ ಶಾಂತವಾಗಿ ಹೊರಗೆ ಹೋಗಿ ಎಂದ. ಹೋಗಲು ಆಗುವುದಿಲ್ಲ ಎಂದೆ. ಯಾಕೆ ಎಂದ. ಹೇಳಿದೆ. ಹಾಗಾದರೆ ಎಷ್ಟು ಹೊತ್ತು ನಿಲ್ಲುತ್ತೀರಿ ಎಂದ. ಬಾಗಿಲು ತೆಗೆಯುವ ತನಕ ಎಂದೆ.

ನಿಂತೆವು. ಹೆಗಲು ಬದಲಾದವು. ಮೇಲಿನ ಮಹಡಿಯಿಂದ ಅತಿಥಿಗಳು ಬಗ್ಗಿ ನೋಡತೊಡಗಿದರು. ಗಾಜಿನ ಕೋಣೆಯ ಕಡೆಯಿಂದ ತಟ್ಟೆ ಚಮಚಗಳ ಸದ್ದು ಬರುತ್ತಿತ್ತು, ಹುರಿದ ಮೀನಿನ ವಾಸನೆ ಬರುತ್ತಿತ್ತು. ನಮ್ಮಲ್ಲಿ ಗಟ್ಟಿಮುಟ್ಟಾದ ಗಂಡಸರು ಬಹಳ ಮಂದಿ ಇಲ್ಲ. ಕೆಲವರು ಮೀನಿನ ದೋಣಿಯಲ್ಲಿ ಹೋಗಿದ್ದರು, ಇನ್ನು ಕೆಲವರು ಇದೇ ಹೋಟೆಲಿನ ಅಡುಗೆಮನೆಯಲ್ಲಿ ಈರುಳ್ಳಿ ಹೆಚ್ಚುತ್ತಿದ್ದರು. ಇದ್ದವರೇ ಮತ್ತೆ ಮತ್ತೆ ಹೆಗಲು ಕೊಡಬೇಕಾಯಿತು. ನಾನೂ ಕೊಟ್ಟೆ. ಹೆಂಗಸರು ಹೊರಬಾರದೆಂದು ಫಾರ್ಕರ್ ಗೊಣಗಿದ. ಹಾಗಾದರೆ ನೀನೇ ಎರಡು ಹೆಗಲು ಕೊಡು ಎಂದೆ.

ಸ್ವಲ್ಪ ಹೊತ್ತಿಗೆ ಅವನ ಮೊಣಕಾಲು ನಡುಗತೊಡಗಿತು. ಪೆಟ್ಟಿಗೆ ಒಂದು ಕಡೆ ವಾಲಿತು. ಹೆಸ್ಕೆತ್ ಅದನ್ನು ನೋಡಿದ. ಅವನ ಮುಖದಲ್ಲಿ ನಿಜವಾಗಿಯೂ ಮರುಕ ಇತ್ತು, ಅದನ್ನು ಸುಳ್ಳೆಂದು ಹೇಳಲಾರೆ. ಸರಸರನೆ ಪಕ್ಕದ ಕೋಣೆಗೆ ಹೋಗಿ, ಆ ಕಪ್ಪು ಮಖಮಲ್ಲಿನ ಸ್ಟ್ಯಾಂಡುಗಳನ್ನು ತಾನೇ ಎಳೆದು ತಂದು ಪೆಟ್ಟಿಗೆಯ ಕೆಳಗೆ ಸರಿಯಾಗಿ ನಿಲ್ಲಿಸಿದ.

"ದೇವರಾಣೆ, ಆ ವಯಸ್ಸಾದವರನ್ನ ಯಾಕೆ ಹಿಂಸೆ ಮಾಡ್ತೀರ? ಇಳಿಸಿ. ಸ್ವಲ್ಪ ಹೊತ್ತು ಇಟ್ಟು ಸುಧಾರಿಸ್ಕೊಳ್ಳಿ. ಎಷ್ಟು ಹೊತ್ತು ಬೇಕಾದ್ರೂ ಇಲ್ಲಿರ್ಲಿ, ನಾನು ಬೇಡ ಅನ್ನಲ್ಲ."

ಯಾರೂ ಅಲ್ಲಾಡಲಿಲ್ಲ. ಅವನಿಗೆ ತಾನು ಏನು ಹೇಳಿದೆ ಎಂಬುದೇ ತಿಳಿದಿರಲಿಲ್ಲ. ವಾರವಾರವೂ ನಮ್ಮ ಕಥೆಯನ್ನು ಮಾರುತ್ತಾನೆ, ಅದರ ತಿರುಳೇ ಅವನ ತಲೆಗೆ ಹೋಗಿಲ್ಲ. ಬಟ್ಟೆ ಒಗೆದೂ ಒಗೆದೂ ಬೆರಳು ಸೊಟ್ಟಗಾದವಳು, ಅವಳನ್ನು ಇಲ್ಲೇ ಇಳಿಸಿ, ಇಲ್ಲೇ ಇರಲಿ ಎನ್ನುತ್ತಾನೆ! ನನ್ನ ಕಣ್ಣಲ್ಲಿ ನೀರು ಬಂತು, ಸಿಟ್ಟಿಗೆ.

"ಒದೀರಿ ಅದನ್ನ!" ಎಂದು ಕಿರುಚಿದೆ. "ಯಾರಾದ್ರೂ ಒದ್ದು ಆಚೆ ತಳ್ಳಿ!"

ಹೊತ್ತವರು ಒದೆಯುವುದು ಹೇಗೆ? ಕಾಲು ಎತ್ತಿದರೆ ಪೆಟ್ಟಿಗೆಯೇ ಉರುಳುತ್ತಿತ್ತು. ಫಾರ್ಕರ್ ಬೆವರುತ್ತಿದ್ದ, ಪೆಟ್ಟಿಗೆ ಮತ್ತಷ್ಟು ತಗ್ಗಿತು, ಮಖಮಲ್ಲಿಗೂ ಅದಕ್ಕೂ ನಡುವೆ ಕೈ ತೂರಿಸುವಷ್ಟು ಜಾಗ ಮಾತ್ರ ಉಳಿಯಿತು.

"ಲಾಖ್ಲನ್," ಎಂದ ಹೆಸ್ಕೆತ್, "ನೋಡ್ತಾ ನಿಂತ್ರೆ ಹೇಗೆ? ಕೈ ಹಾಕಿ, ಇಳಿಸೋಕೆ ಸಹಾಯ ಮಾಡಿ."

ಲಾಖ್ಲನ್ ಬಾಗಿಲು ಬಿಟ್ಟು ಬಂದ. ಕೋಟಿನ ತೋಳು ಹಿಂದಕ್ಕೆ ಸರಿಸಿ ಎರಡೂ ಕೈಗಳನ್ನು ಪೆಟ್ಟಿಗೆಯ ಕೆಳಗೆ ಇಟ್ಟ. ನನಗೆ ಅವನ ಕೊರಳಪಟ್ಟಿ ಹಿಡಿಯಬೇಕೆನಿಸಿತು, ಕೈ ಖಾಲಿ ಇರಲಿಲ್ಲ, ಹೆಗಲ ಮೇಲೆ ಅವಳಿದ್ದಳು.

"ಲೋ ಲಾಖ್ಲನ್! ಅವಳನ್ನ ಇಲ್ಲಿ ಇಳಿಸಿದ್ರೆ ನಾಳೆ ನಿಮ್ಮಮ್ಮನ ಗೋರಿ ಮುಂದೆ ಹೇಗೋ ನಿಲ್ತೀಯ? ನಿಮ್ಮಮ್ಮನ್ನ ದಾಟಿಸೋವಾಗ ನೀನು ತಲೆದಿಕ್ಕಲ್ಲಿ ಹೊತ್ತಿದ್ದೆ. ಇದೇ ಹಜಾರ. ಇದೇ ಕಲ್ಲು. ಅಳ್ತಾ ಇಲ್ಲ, ಚಳಿಗೆ ಕಣ್ಣಲ್ಲಿ ನೀರು ಬರ್ತಿದೆ ಅಂದಿದ್ದೆ ನಂಗೆ, ನೆನಪಿದ್ಯಾ?"

ಅವನು ನನ್ನ ಕಡೆ ನೋಡಲೇ ಇಲ್ಲ. ಬಗ್ಗಿ ಫಾರ್ಕರ್‌ನ ಪಕ್ಕಕ್ಕೆ ತೂರಿದ. ಮುದುಕನ ಕಿವಿಯಲ್ಲಿ "ಸರೀರಿ ಅಜ್ಜ" ಎಂದ. ಪೆಟ್ಟಿಗೆಯ ಅಂಚಿಗೆ ತನ್ನ ಹೆಗಲು ಕೊಟ್ಟು ನೆಟ್ಟಗೆ ನಿಂತ. ಪೆಟ್ಟಿಗೆ ಮೇಲೆದ್ದಿತು. ಅವನು ಎತ್ತರದ ಆಳು.

"ಏನು ಮಾಡ್ತಿದೀರ ನೀವು?" ಎಂದ ಹೆಸ್ಕೆತ್.

"ನೀವು ಹೇಳಿದ್ದೇ ಸಾರ್, ಸಹಾಯ," ಎಂದ ಲಾಖ್ಲನ್. ಆಮೇಲೆ, ಎದುರಿನ ಗೋಡೆ ನೋಡುತ್ತಲೇ, "ಅಕ್ಕ, ಕೀಲಿ ನನ್ನ ಬಲ ಜೇಬಲ್ಲಿದೆ. ನಂಗೆ ಕೈ ಬಿಡುವಿಲ್ಲ, ನೀನೇ ತಗೋಬೇಕು."

ಒಬ್ಬರು ಬಂದು ನನ್ನ ಜಾಗಕ್ಕೆ ಹೆಗಲು ಕೊಟ್ಟರು. ನಾನು ಅವನ ಜೇಬಿಗೆ ಕೈ ಹಾಕಿ ಕೀಲಿ ತೆಗೆದೆ. ಫಾರ್ಕರ್ ಏದುಸಿರು ಬಿಡುತ್ತ, ಭಾರ ಇಳಿದ ಹುಮ್ಮಸ್ಸಿನಲ್ಲಿ ಆ ಸ್ಟ್ಯಾಂಡುಗಳನ್ನು ಒಂದಾದ ಮೇಲೊಂದು ಒದ್ದು ಉರುಳಿಸಿದ. ಹೆಸ್ಕೆತ್ ನನ್ನನ್ನು ತಡೆಯಲು ಕೈ ಚಾಚಿದ, ಮತ್ತೆ ಹಿಂದಕ್ಕೆ ಎಳೆದುಕೊಂಡ. ಮಹಡಿ ತುಂಬ ಜನ ನೋಡುತ್ತಿದ್ದರು. ನಾನು ಬೀಗ ತೆಗೆದು ಎರಡೂ ಕದಗಳನ್ನು ದೂಡಿದೆ.

ಗಾಜಿನ ಕೋಣೆ ಬೆಳಕಿನಿಂದ ತುಂಬಿತ್ತು. ಬಿಳಿ ಬಟ್ಟೆ ಹಾಸಿದ ಮೇಜುಗಳು, ಮೇಜುಗಳ ತುಂಬ ಜನ. ನಡುವೆ ಒಂದು ಓಣಿ, ಆಚೆ ತುದಿಯಲ್ಲಿ ತೋಟಕ್ಕೆ ಹೋಗುವ ಗಾಜಿನ ಬಾಗಿಲು. ನಾವು ನಡೆದೆವು. ಕುರ್ಚಿಗಳು ಅಡ್ಡ ಇದ್ದಲ್ಲಿ ನಾನು ಸರಿಸಿದೆ. ಯಾರದೋ ಚಮಚ ತಟ್ಟೆಗೆ ಬಿತ್ತು. ಆಗ ಕಿಟಕಿಯ ಪಕ್ಕದಲ್ಲಿ ಒಬ್ಬ ಗುಂಡಗಿನ ಮನುಷ್ಯ ಚಪ್ಪಾಳೆ ತಟ್ಟತೊಡಗಿದ. ಅವನನ್ನು ನೋಡಿ ಇನ್ನೊಂದು ಮೇಜಿನವರು ತಟ್ಟಿದರು. ಕೋಣೆಯೆಲ್ಲ ಚಪ್ಪಾಳೆ ಹಬ್ಬಿತು. ಕೆಲವರು ಫೋನು ಎತ್ತಿ ಹಿಡಿದರು. ಒಬ್ಬ ಹೆಂಗಸು ಪಕ್ಕದವಳಿಗೆ ಹೇಳಿದ್ದು ನನಗೆ ಸ್ಪಷ್ಟವಾಗಿ ಕೇಳಿಸಿತು. "ಈಗ ನೋಡು, ಮುಚ್ಚಳ ತೆಗೀತಾರೆ."

ನಾನು ನಿಂತೆ. ನನ್ನ ಹಿಂದೆ ಎಲ್ಲರೂ ನಿಂತರು.

"ತೆಗೆಯಲ್ಲಮ್ಮ," ಎಂದೆ. "ಯಾರೂ ಎದ್ದು ಕೂರಲ್ಲ. ಇವಳು ಸತ್ತಿದಾಳೆ. ಡೊಲಿನಾ ಅಂತ ಹೆಸರು. ನೀವು ಮಲಗೋ ಕೋಣೆಗಳಲ್ಲಿ ಮಲಗಿದ್ದ ದೊಡ್ಡ ಮನುಷ್ಯರ ಹಾಸಿಗೆ ಬಟ್ಟೆ ಎಲ್ಲ ಒಗೆದು ಒಗೆದು ಇವಳ ಕೈ ಹಾಳಾಯ್ತು. ಮಣ್ಣು ಮಾಡೋಕೆ ತಗೊಂಡ್ ಹೋಗ್ತಿದೀವಿ. ಚಪ್ಪಾಳೆ ತಟ್ತೀರಲ್ಲ, ನಿಮಗೇನಾಗಿದೆ?"

ಒಂದೊಂದೇ ಕೈ ನಿಂತಿತು. ಯಾರೋ ಮೆತ್ತಗೆ "ಅಯ್ಯೋ ದೇವರೇ" ಎಂದರು. ಆ ಗುಂಡಗಿನ ಮನುಷ್ಯ ಕೆಂಪಾಗಿ ಎದ್ದು ನಿಂತ, ಅವನ ಜೊತೆಗಿದ್ದವರೂ ಎದ್ದರು. ಎಲ್ಲರೂ ಏಳಲಿಲ್ಲ. ಕೆಲವರು ತಟ್ಟೆ ನೋಡುತ್ತ ಕೂತರು, ಒಬ್ಬ ಮಾತ್ರ ಫೋನು ಇಳಿಸಲೇ ಇಲ್ಲ. ನಾನು ತೋಟದ ಬಾಗಿಲು ತೆರೆದೆ. ಚಿಕ್ಕಮ್ಮ ದೊಡ್ಡಮನೆ ದಾಟಿ ಹೊರಗೆ ಬಂದಳು.

ಹೊರಗೆ ಬಂದ ಮೇಲೆ ಫಾರ್ಕರ್ ಬಿಕ್ಕಿ ಬಿಕ್ಕಿ ಅತ್ತ. ನಾನೂ ಅತ್ತೆ. ಲಾಖ್ಲನ್ ಸ್ಮಶಾನದ ತನಕ ಹೆಗಲು ಬದಲಾಯಿಸಲು ಒಪ್ಪಲೇ ಇಲ್ಲ. ಬೇರೆಯವರು ಬಂದರೆ, ಕೆಲಸ ಹೋಯ್ತು, ಇನ್ನೇನು ಅರ್ಜೆಂಟು ನಂಗೆ, ಎನ್ನುತ್ತಿದ್ದ.

ಸ್ಮಶಾನದಲ್ಲಿ ಪಾದ್ರಿ ಕಾಯುತ್ತಿದ್ದ. ತಲೆದಿಕ್ಕಿನ ಹಗ್ಗ ನಾನು ಹಿಡಿದೆ, ಪಾದದ ಕಡೆಯದನ್ನು ಲಾಖ್ಲನ್‌ಗೆ ಕೊಟ್ಟೆ, ಅವಳನ್ನು ನಿಧಾನವಾಗಿ ಕೆಳಗೆ ಬಿಟ್ಟೆವು. ಪದ್ಧತಿಯಂತೆ ವಿಸ್ಕಿ ಸುತ್ತಿ ಬಂತು, ಓಟ್ಸ್ ರೊಟ್ಟಿ, ಚೀಸು ಬಂತು. ಮಣ್ಣು ಎಳೆಯಲು ಶುರು ಮಾಡುವಷ್ಟರಲ್ಲಿ ಹೆಸ್ಕೆತ್ ಏರು ಹತ್ತಿ ಬರುವುದು ಕಂಡಿತು, ಒಬ್ಬನೇ, ಮನೆಯೊಳಗಿನ ಬೂಟಿನಲ್ಲೇ, ಕೆಸರಿನಲ್ಲಿ ಜಾರುತ್ತ. ಲಾಖ್ಲನ್ ಗುದ್ದಲಿ ಊರಿ ನಿಂತ. ಕೆಲಸದಿಂದ ತೆಗೆಯಲು ಇಷ್ಟು ದೂರ ಬಂದನೇ ಎಂದುಕೊಂಡೆವು ನಾವೆಲ್ಲ.

ಅವನು ಲಾಖ್ಲನ್ ಕಡೆ ನೋಡಲೂ ಇಲ್ಲ. ಟೋಪಿ ತೆಗೆದು ನೇರ ನನ್ನ ಮುಂದೆ ಬಂದು ನಿಂತ.

"ಮಿಸ್ ಮ್ಯಾಕ್‌ಇವರ್, ಆದದ್ದಕ್ಕೆ ಕ್ಷಮೆ ಇರಲಿ. ನೀವು ಮಾತಾಡಿದ್ದು... ನಮ್ಮ ಅತಿಥಿಗಳು ಇನ್ನೂ ಅದನ್ನೇ ಮಾತಾಡ್ತಿದಾರೆ. ಕೆಲವರು ಅಳ್ತಾ ಇದಾರೆ. ಅಂಥದ್ದನ್ನ ಅವರು ಎಲ್ಲೂ ನೋಡಿಲ್ವಂತೆ."

"ಹೂಂ," ಎಂದೆ. ಪರವಾಗಿಲ್ಲ, ಮನುಷ್ಯನೇ ಎಂದುಕೊಂಡೆ. ಒಂದು ಕ್ಷಣ ನಿಜವಾಗಿಯೂ ಹಾಗೆ ಅಂದುಕೊಂಡೆ.

"ನನಗನ್ನಿಸ್ತು, ನಮ್ಮ ಶನಿವಾರದ ಕಾರ್ಯಕ್ರಮದಲ್ಲಿ ಕೊರತೆ ಇರೋದೇ ಅದು. ಹಸಿರು ಗೌನು, ದೆವ್ವ, ಅದೆಲ್ಲ ತೆಗೆದುಹಾಕ್ತೀನಿ. ನೀವೇ ಬನ್ನಿ. ಹೀಗೇ ಮುಂದೆ ನಡೀತಾ ಬಂದು, ಬಾಗಿಲಲ್ಲಿ ನಿಂತು, ಇದೇ ಮಾತು, ಇದೇ ಸಿಟ್ಟು. ನಿಮ್ಮ ಚಿಕ್ಕಮ್ಮನ ನಿಜವಾದ ಹೆಸರು ಹೇಳಿ. ಅದು ಅವರಿಗೂ ಗೌರವ ಅಲ್ವಾ?"

ಸುತ್ತ ನಿಂತವರ ಗುದ್ದಲಿಗಳು ನಿಂತವು. ಪಾದ್ರಿ ಕೂಡ ತಲೆ ಎತ್ತಿದ. ನನ್ನ ಬಾಯಿಗೆ ಎಷ್ಟೊಂದು ಬೈಗುಳ ಬಂದವೆಂದರೆ, ಯಾವುದನ್ನು ಮೊದಲು ಬೈಯಲಿ ಎಂದೇ ತಿಳಿಯಲಿಲ್ಲ. ಅವನು ನನ್ನ ಉತ್ತರಕ್ಕೆ ಕಾಯುತ್ತಿದ್ದ, ಆಸೆಯಿಂದ, ಪ್ರಾಮಾಣಿಕವಾಗಿ.

"ನಿಮ್ಮ ತಾಯಿ ಇದಾರಾ ಹೆಸ್ಕೆತ್ ಸಾಹೇಬ್ರೇ?" ಎಂದು ಕೇಳಿದೆ.

"ಇದಾರೆ. ಯಾಕೆ?"

"ಅವರು ತೀರ್ಕೊಂಡ ದಿನ ಹೇಳಿ ಕಳಿಸಿ. ಎಲ್ಲಿದ್ರೂ ಬರ್ತೀನಿ. ಇವರನ್ನೆಲ್ಲ ಕರ್ಕೊಂಡು ಬರ್ತೀನಿ. ಹೆಗಲು ಕೊಡ್ತೀವಿ, ಕಾಲು ನಡುಗಿದ್ರೂ ಇಳಿಸಲ್ಲ, ಗುಂಡಿ ಮುಚ್ಚೋ ತನಕ ಜೊತೇಲಿರ್ತೀವಿ. ಆದ್ರೆ ಅವತ್ತು ಯಾರಾದ್ರೂ ಟಿಕೆಟ್ ತಗೊಂಡು ಬಂದು ನಿಂತು, ನೀವು ಅಳೋದನ್ನ ನೋಡಿ, ಮುಂದಿನ ಶನಿವಾರಾನೂ ಹೀಗೇ ಅಳಿ ಅಂದ್ರೆ, ನೀವೇನು ಹೇಳ್ತೀರ ಅಂತ ಯೋಚನೆ ಮಾಡಿ. ಅದೇ ನನ್ನ ಉತ್ತರ."

ಅವನು ಕೈಯಲ್ಲಿದ್ದ ಟೋಪಿಯನ್ನು ತಲೆಗೆ ಇಡುವುದೋ ಬೇಡವೋ ತಿಳಿಯದವನಂತೆ ಹಿಡಿದುಕೊಂಡು ನಿಂತ. ನಾನು ಅವನಿಗೆ ಬೆನ್ನು ತಿರುಗಿಸಿ, ಗುದ್ದಲಿ ಎತ್ತಿಕೊಂಡು, ಚಿಕ್ಕಮ್ಮನ ಮೇಲೆ ಮಣ್ಣು ಎಳೆಯತೊಡಗಿದೆ.